ಓದಿನ ಜೊತೆ ವ್ಯಾಪಾರ: ಮೊದಲು ಗಂಟೆಯ ಲೆಕ್ಕ

ಕಾಲೇಜಿನಲ್ಲಿ ಓದುತ್ತಲೇ ನಾಲ್ಕು ಕಾಸು ಸಂಪಾದಿಸುವುದು ಕರ್ನಾಟಕಕ್ಕೆ ಹೊಸದಲ್ಲ. ವಾರಾನ್ನ ಉಂಡು, ಬೆಳಗಿನ ಜಾವ ಪತ್ರಿಕೆ ಹಂಚಿ, ಸಂಜೆ ಮನೆಪಾಠ ಹೇಳಿ ಪದವಿ ಪಡೆದವರು ಇಲ್ಲಿ ಬಹಳ ಮಂದಿ. ಈಗ ಬದಲಾಗಿರುವುದು ಸಂಪಾದನೆಯ ದಾರಿ. ಹುಬ್ಬಳ್ಳಿಯ ಹಾಸ್ಟೆಲ್ ಕೋಣೆಯಲ್ಲಿ ಕೂತು ವಿಡಿಯೊ ಎಡಿಟ್ ಮಾಡಿಕೊಡಬಹುದು, ತುಮಕೂರಿನ ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಹಿಡಿಯಬಹುದು. ಅಂಗಡಿ ಬೇಡ, ಮುಂಗಡ ಬೇಡ, ಬಾಡಿಗೆ ಬೇಡ. ಶುರು ಮಾಡುವುದು ಇಷ್ಟು ಸುಲಭವಾಗಿರುವುದರಿಂದಲೇ ಒಂದು ಮಾತನ್ನು ಒತ್ತಿ ಹೇಳಬೇಕು. ವಿದ್ಯಾರ್ಥಿಯ ಕೈಯಲ್ಲಿರುವ ದೊಡ್ಡ ಬಂಡವಾಳ ಅವರ ವೇಳೆ. ಅದರ ಲೆಕ್ಕ ಇಟ್ಟವರಿಗೆ ಓದೂ ದಕ್ಕುತ್ತದೆ, ವ್ಯಾಪಾರವೂ ದಕ್ಕುತ್ತದೆ. ಇಡದವರು ಎರಡನ್ನೂ ಅರ್ಧಕ್ಕೆ ಬಿಡಬೇಕಾಗುತ್ತದೆ.

ಈ ಬಂಡವಾಳ ಎಷ್ಟಿದೆ ಎಂದು ಎಣಿಸುವುದು ಕಷ್ಟವಲ್ಲ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ವರ್ಷದ ಓದಿಗೆ 40 ಕ್ರೆಡಿಟ್, ಅಂದರೆ 1,200 ಗಂಟೆ. ತರಗತಿ, ಪ್ರಯೋಗಾಲಯ, ಮನೆಯ ಓದು, ಪರೀಕ್ಷೆ ಎಲ್ಲವೂ ಇದರೊಳಗೇ ಬರುತ್ತವೆ. ಸೆಮಿಸ್ಟರ್‌ಗೆ 600 ಗಂಟೆ ಎಂದಾಯಿತು. 15 ವಾರಕ್ಕೆ ಹಂಚಿದರೆ ವಾರಕ್ಕೆ 40 ಗಂಟೆ. ಅಂದರೆ ಓದು ತಾನೇ ಒಂದು ಪೂರ್ಣಾವಧಿ ಕೆಲಸ. ವಾರದ 168 ಗಂಟೆಯಲ್ಲಿ ನಿದ್ದೆಗೆ 56, ಓದಿಗೆ 40 ಕಳೆದರೆ 72 ಉಳಿಯುತ್ತವೆ. ಊಟ, ಸ್ನಾನ, ಬಸ್ಸಿನ ಓಡಾಟ, ಮನೆಗೆಲಸ, ಗೆಳೆತನ, ವಿಶ್ರಾಂತಿ ಇವೆಲ್ಲ ಕಳೆದ ಮೇಲೆ ವ್ಯಾಪಾರಕ್ಕೆ ನೆಮ್ಮದಿಯಿಂದ ಸಿಗುವುದು ಹತ್ತು ಹನ್ನೆರಡು ಗಂಟೆ. ವಾರದ ದುಡಿಮೆ 15–20 ಗಂಟೆ ದಾಟಿದಾಗ ಓದಿಗೆ ಪೆಟ್ಟು ಬೀಳುವ ಸಾಧ್ಯತೆ ಹೆಚ್ಚು ಎಂಬುದನ್ನು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಬಗೆಗಿನ ಹಲವು ಅಧ್ಯಯನಗಳೂ ತೋರಿಸಿವೆ. ಹಾಜರಾತಿಯ ಪ್ರಶ್ನೆ ಬೇರೆ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಶೇ 85 ಹಾಜರಾತಿ ಬೇಕು. ಆರ್ಡರ್ ತಲುಪಿಸಲು ತರಗತಿ ತಪ್ಪಿಸುತ್ತ ಹೋದರೆ ಪರೀಕ್ಷೆಗೆ ಕೂರುವ ಅವಕಾಶಕ್ಕೇ ಸಂಚಕಾರ.

ಯಾವ ವ್ಯಾಪಾರ ಒಳ್ಳೆಯದು ಎಂಬುದನ್ನೂ ಈ ಹನ್ನೆರಡು ಗಂಟೆಯೇ ತೀರ್ಮಾನಿಸಬೇಕು. ಒಂದು ಕಾಲ್ಪನಿಕ ಲೆಕ್ಕ ನೋಡಿ. ವಾರಕ್ಕೆ ₹2,000ದ ಚಕ್ಕುಲಿ, ಕೋಡುಬಳೆ ಮಾರಾಟವಾಯಿತು. ಹಿಟ್ಟು, ಎಣ್ಣೆ, ಗ್ಯಾಸು, ಪ್ಯಾಕೆಟ್, ಓಡಾಟಕ್ಕೆ ₹1,400 ಹೋಯಿತು. ಉಳಿದ ₹600 ಲಾಭದಂತೆ ಕಾಣುತ್ತದೆ. ಅದಕ್ಕೆ ಹನ್ನೆರಡು ಗಂಟೆ ದುಡಿದಿದ್ದರೆ ಗಂಟೆಗೆ ₹50 ಮಾತ್ರ. ಅದೇ ವೇಳೆಯಲ್ಲಿ ಮನೆಪಾಠ ಹೇಳಿದರೆ ಎಷ್ಟು ಸಿಗುತ್ತಿತ್ತು ಎಂದು ಕೇಳಿಕೊಂಡಾಗಲೇ ನಿಜವಾದ ಲಾಭ ತಿಳಿಯುವುದು. ಪರೀಕ್ಷೆಯ ತಿಂಗಳಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಬಹುದಾದ, ಕಲಿಯುತ್ತಿರುವ ವಿಷಯಕ್ಕೆ ಹತ್ತಿರವಾದ ಕೆಲಸ ವಿದ್ಯಾರ್ಥಿಗೆ ಹೆಚ್ಚು ಒಗ್ಗುತ್ತದೆ. ಬಿ.ಕಾಂ. ಓದುವವರು ಸಣ್ಣ ಅಂಗಡಿಗಳ ಲೆಕ್ಕ ಬರೆದುಕೊಟ್ಟರೆ, ಕನ್ನಡ ಓದುವವರು ಅನುವಾದ, ಕರಡು ತಿದ್ದುವ ಕೆಲಸ ಹಿಡಿದರೆ ದುಡಿದ ಗಂಟೆಯೂ ಓದಿಗೆ ಸೇರುತ್ತದೆ.

ವೇಳೆಯ ಲೆಕ್ಕದ ಜೊತೆಗೆ ಹಣದ ಲೆಕ್ಕವೂ ಬೇಕು. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ವ್ಯಾಪಾರದ ದುಡ್ಡು ಯಾವುದು, ಮನೆಯ ದುಡ್ಡು ಯಾವುದು ಎಂದು ಬಿಡಿಸಿ ಹೇಳಲು ಅನೇಕರು ಪರದಾಡಿದರು. ವಿದ್ಯಾರ್ಥಿಯ ವಹಿವಾಟು ಜಿಎಸ್‌ಟಿ ನೋಂದಣಿಯ ಮಿತಿಯನ್ನು ಮುಟ್ಟುವುದು ಅಪರೂಪ. ರಾಜ್ಯದೊಳಗೆ ಸರಕು ಮಾರುವವರಿಗೆ ಈ ಮಿತಿ ವರ್ಷಕ್ಕೆ ₹40 ಲಕ್ಷ, ಸೇವೆ ನೀಡುವವರಿಗೆ ₹20 ಲಕ್ಷ. ಆದರೂ ಮೊದಲ ದಿನದಿಂದಲೇ ಬೇರೆ ಖಾತೆ, ಒಂದು ಲೆಕ್ಕದ ಪುಸ್ತಕ ಇಟ್ಟರೆ ಮುಂದೆ ತೊಂದರೆಯಿಲ್ಲ. ಮನೆಯಲ್ಲೇ ಮಾಡಿದರೂ ತಿಂಡಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಉಚಿತ. ಅದಕ್ಕೆ ದಲ್ಲಾಳಿಗೆ ದುಡ್ಡು ಕೊಡಬೇಡಿ. ಸೇರಲು ಶುಲ್ಕ ಕಟ್ಟಿ, ಇನ್ನಿಬ್ಬರನ್ನು ಸೇರಿಸಿ ಎನ್ನುವ ಸ್ಕೀಮುಗಳಿಂದ ದೂರವಿರಿ. ಹಣ ಚಲಾವಣೆಯ ಇಂಥ ಯೋಜನೆಗಳನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ಕಮಿಷನ್ ಆಸೆಗೆ ಬ್ಯಾಂಕ್ ಖಾತೆಯನ್ನು ಇನ್ನೊಬ್ಬರಿಗೆ ಬಳಸಲು ಕೊಟ್ಟರಂತೂ ಸೈಬರ್ ವಂಚನೆಯ ಪ್ರಕರಣದಲ್ಲಿ ಸಿಕ್ಕಿಬೀಳಬೇಕಾದೀತು.

ದೊಡ್ಡ ಉದ್ಯಮಿಗಳು ಕಾಲೇಜು ಬಿಟ್ಟೇ ಗೆದ್ದರಲ್ಲವೇ ಎಂದು ಕೆಲವರು ಕೇಳುತ್ತಾರೆ. ಮೈಕೆಲ್ ಡೆಲ್ 1984ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯವನ್ನು ಬಿಟ್ಟದ್ದು ನಿಜ. ಆದರೆ ಹಾಸ್ಟೆಲ್ ಕೋಣೆಯಲ್ಲಿ ಶುರುವಾದ ಅವರ ಕಂಪ್ಯೂಟರ್ ವ್ಯಾಪಾರ ಅಷ್ಟರಲ್ಲಾಗಲೇ ಕೈ ಹಿಡಿದಿತ್ತು. ನಮ್ಮ ಯುವಜನರಿಗೆ ಕರ್ಸನ್‌ಭಾಯಿ ಪಟೇಲರ ಉದಾಹರಣೆ ಇನ್ನೂ ಹತ್ತಿರದ್ದು. ರಸಾಯನಶಾಸ್ತ್ರ ಓದಿದ್ದ ಅವರು ಗುಜರಾತ್ ಸರ್ಕಾರದ ನೌಕರಿಯಲ್ಲಿದ್ದುಕೊಂಡೇ 1969ರಲ್ಲಿ ಮನೆಯಲ್ಲಿ ಬಟ್ಟೆ ಒಗೆಯುವ ಪುಡಿ ತಯಾರಿಸಿ ಸೈಕಲ್ ಮೇಲೆ ಮಾರಿದರು. ವ್ಯಾಪಾರ ಬೇರು ಬಿಟ್ಟ ಮೇಲಷ್ಟೇ ನೌಕರಿ ಬಿಟ್ಟರು. ನಿರ್ಮಾ ಹುಟ್ಟಿದ್ದು ಹೀಗೆ. ಓದಿದ ವಿದ್ಯೆ ಅವರ ವ್ಯಾಪಾರಕ್ಕೆ ಒದಗಿತು, ಇದ್ದ ಕೆಲಸ ಹೊಟ್ಟೆಪಾಡು ನೋಡಿಕೊಂಡಿತು.

ಚಿಕ್ಕ ವಯಸ್ಸಿಗೇ ದುಡ್ಡಿನ ರುಚಿ ಹತ್ತಿದರೆ ಓದು ಹಿಂದೆ ಬೀಳುತ್ತದೆ ಎಂಬುದು ತಂದೆತಾಯಿಯರ ಭಯ. ಅದು ಸುಳ್ಳು ಭಯವಲ್ಲ, ಆದರೆ ಅದಕ್ಕೆ ಮದ್ದು ನಿಷೇಧವಲ್ಲ, ಮಿತಿ. ವಾರದ ಗಂಟೆಗಳನ್ನು ಮನೆಯವರೊಡನೆ ಕೂತು ಗೊತ್ತುಮಾಡಿಕೊಂಡರೆ ಭಯ ಕಡಿಮೆಯಾಗುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬಡ ಮನೆಯ ಮಕ್ಕಳದು: ದುಡಿಯದಿದ್ದರೆ ಶುಲ್ಕ ಕಟ್ಟಲಾಗದವರಿಗೆ ಹನ್ನೆರಡು ಗಂಟೆಯ ಮಿತಿ ಎಲ್ಲಿಂದ ಬರಬೇಕು? ಅವರ ಮಟ್ಟಿಗೆ ಈ ಪ್ರಶ್ನೆಗೆ ವಿದ್ಯಾರ್ಥಿಯೊಬ್ಬರೇ ಉತ್ತರ ಹುಡುಕಬೇಕೆನ್ನುವುದು ಅನ್ಯಾಯ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ವಿದ್ಯಾಸಿರಿ ನೆರವಿನ ಯೋಜನೆ, ಸರ್ಕಾರಿ ಹಾಸ್ಟೆಲುಗಳು ಇರುವುದು ಇವರಿಗಾಗಿಯೇ. ಅರ್ಜಿ ಹಾಕಿಸುವುದು, ದಿನಾಂಕ ತಪ್ಪದಂತೆ ನೋಡಿಕೊಳ್ಳುವುದು ಕಾಲೇಜುಗಳ ಹೊಣೆ. ಅಂಥ ನೆರವು ದೊರೆತಷ್ಟೂ ದುಡಿಮೆಯ ಗಂಟೆ ಇಳಿಸಿಕೊಳ್ಳಬಹುದು.

ಆದ್ದರಿಂದ ವ್ಯಾಪಾರ ಮಾಡಿ, ಹಿಂಜರಿಯಬೇಡಿ. ಹೆಸರು, ಲೋಗೊ, ಇನ್‌ಸ್ಟಾಗ್ರಾಮ್ ಪುಟಗಳಿಗಿಂತ ಮೊದಲು ವಾರದ ವೇಳಾಪಟ್ಟಿ ಬರೆದುಕೊಳ್ಳಿ. ಸೆಮಿಸ್ಟರ್ ಮುಗಿದಾಗ ಅಂಕಪಟ್ಟಿಯನ್ನೂ ಲೆಕ್ಕದ ಪುಸ್ತಕವನ್ನೂ ಒಟ್ಟಿಗೆ ತೆರೆದು ನೋಡಿ. ಅಂಕ ಇಳಿದಿದ್ದರೆ ಮುಂದಿನ ಸೆಮಿಸ್ಟರ್‌ನಲ್ಲಿ ಆರ್ಡರ್ ಕಡಿಮೆ ಮಾಡಿ, ತರಗತಿಯನ್ನಲ್ಲ.