ಪುಣೆಯ ನೀರು, ಭಿಗವಣದ ಹಕ್ಕಿ, ನಮ್ಮ ಭೀಮಾ

ಈ ಸಲದ ಮಾತು ಹಕ್ಕಿ ನೋಡೋದರ ಬಗ್ಗೆ. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟಿದ್ದ ನೀರಿನ ಲೆಕ್ಕವನ್ನೂ ಇಲ್ಲಿ ಸೇರಿಸಿದ್ದೀನಿ. ಹಕ್ಕಿಗಿಂತ ನೀರಿನ ಮಾತೇ ಜಾಸ್ತಿ ಆಯ್ತು ಅನಿಸಿದರೆ ಸ್ವಲ್ಪ ತಾಳಿ, ಯಾಕೆ ಅಂತ ಗೊತ್ತಾಗುತ್ತೆ.

ಪುಣೆಯಲ್ಲಿರೋ ನಮ್ಮವರಿಗೆ ಶನಿವಾರ ಬಂತು ಅಂದರೆ ಲೋಣಾವಳ, ಇಲ್ಲಾಂದ್ರೆ ಸಿಂಹಗಡ. ಎರಡೂ ಕಡೆ ಹಕ್ಕಿಗಿಂತ ಕಾರೇ ಜಾಸ್ತಿ. ಅದರ ಉಲ್ಟಾ ದಿಕ್ಕಿನಲ್ಲಿ, ಸೋಲಾಪುರ ರಸ್ತೆಯಲ್ಲಿ ಸುಮಾರು 100 ಕಿ.ಮೀ. ಹೋದರೆ ಭಿಗವಣ ಸಿಗುತ್ತೆ. ಕಲಬುರಗಿ, ವಿಜಯಪುರ ಕಡೆಯವರು ಈ ಊರನ್ನು ನೂರು ಸಲ ದಾಟಿರ್ತೀರಿ. ಉದ್ಯಾನ್ ಎಕ್ಸ್‌ಪ್ರೆಸ್ ದೌಂಡ್ ಬಿಟ್ಟ ಮೇಲೆ ಭೀಮಾ ನದಿ ದಾಟುವಾಗ ಕಿಟಕಿಯಾಚೆ ಸಮುದ್ರದ ಹಾಗೆ ನೀರು ಕಾಣುತ್ತಲ್ಲ, ಅದೇ. ಉಜನಿ ಅಣೆಕಟ್ಟಿನ ಹಿನ್ನೀರು. ಚಳಿಗಾಲ ಮುಗಿಯೋ ಹೊತ್ತಿಗೆ ಅಲ್ಲಿ ದೂರದಲ್ಲಿ ಬಿಳಿ-ಗುಲಾಬಿ ಗೆರೆ ಎಳೆದಂತೆ ಏನೋ ಕಂಡರೆ, ಅದು ರಾಜಹಂಸಗಳ ಸಾಲು. ಫ್ಲೆಮಿಂಗೋ ಅಂದರೆ ಎಲ್ಲರಿಗೂ ತಿಳಿಯುತ್ತೆ. ಮರಾಠಿಯಲ್ಲಿ ರೋಹಿತ್ ಅಂತಾರೆ, ಅಗ್ನಿಪಂಖ ಅಂತಾನೂ ಅಂತಾರೆ. ಅಗ್ನಿಪಂಖ ಯಾಕೆ ಅನ್ನೋದು ಅದು ರೆಕ್ಕೆ ಬಿಚ್ಚೋ ತನಕ ಗೊತ್ತಾಗಲ್ಲ. ನಿಂತಾಗ ತಿಳಿ ಬಣ್ಣದ ಹಕ್ಕಿ, ಹಾರಿದಾಗ ರೆಕ್ಕೆ ಕೆಂಡ.

ನನಗೆ ಅಲ್ಲಿ ಮೊದಲು ತಲೆ ಕೆಡಿಸಿದ್ದು ಹಕ್ಕಿ ಅಲ್ಲ, ಒಂದು ಸಂಖ್ಯೆ. ಕುಂಭಾರಗಾಂವದಲ್ಲಿ ದೋಣಿಯವರೊಬ್ಬರನ್ನು "ಈ ಸಲ ಹಕ್ಕಿ ಹೇಗಿದೆ" ಅಂತ ಕೇಳಿದೆ. ಅವರು "ಧರಣ ಇನ್ನೂ ಪ್ಲಸ್‌ನಲ್ಲಿದೆ, ಮೈನಸ್‌ಗೆ ಹೋಗಲಿ, ಆಮೇಲೆ ಬನ್ನಿ" ಅಂದರು. ಅಣೆಕಟ್ಟಿನ ನೀರು ಮೈನಸ್‌ಗೆ ಹೋಗೋದು ಅಂದರೇನು? ನಮ್ಮ ಕೋಡಿನಲ್ಲಿ ಹಾಗೇನಾದ್ರೂ ಬಂದರೆ ಬಗ್ ಅಂತ ಟಿಕೆಟ್ ಹಾಕ್ತೀವಿ.

ಇದು ಬಗ್ ಅಲ್ಲ, ಸೊನ್ನೆಯನ್ನು ಎಲ್ಲಿ ಇಟ್ಟಿದ್ದಾರೆ ಅನ್ನೋ ಪ್ರಶ್ನೆ. ಉಜನಿಯ ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ. ಅದರಲ್ಲಿ ಕಾಲುವೆಗೆ ಸಹಜವಾಗಿ ಹರಿಸೋಕೆ ಸಿಗೋ ನೀರು 53 ಟಿಎಂಸಿ ಚಿಲ್ಲರೆ. ಉಳಿದ 63 ಟಿಎಂಸಿಗೂ ಹೆಚ್ಚಿನ ನೀರು ಅದಕ್ಕಿಂತ ಕೆಳಗಿರೋ ಮೃತ ಸಂಗ್ರಹ. ಹೆಸರು ಮೃತ ಅಂತಿದ್ರೂ ಆ ನೀರನ್ನೂ ಬೇಸಿಗೆಯಲ್ಲಿ ಎತ್ತಿ ಬಳಸ್ತಾರೆ. ಸೊನ್ನೆ ಇರೋದು ಈ ಎರಡರ ನಡುವಿನ ಗಡಿಯಲ್ಲಿ, ಶೇಕಡಾ ಲೆಕ್ಕ ಮೇಲಿನ 53ರ ಮೇಲೆ. ಹಾಗಾಗಿ ಮೈನಸ್ 50 ಅಂದರೆ ಗಡಿಯಿಂದ ಸುಮಾರು 27 ಟಿಎಂಸಿ ಕೆಳಗೆ ಇಳಿದಿದೆ ಅಂತ, ತಳದಲ್ಲಿ ಇನ್ನೂ 36-37 ಟಿಎಂಸಿ ಇದೆ ಅಂತ. 2024ರ ಬೇಸಿಗೆಯಲ್ಲಿ ಮೈನಸ್ 50ಕ್ಕಿಂತಲೂ ಕೆಳಗೆ ಹೋಗಿತ್ತು. ಇಂಥ ವರ್ಷಗಳಲ್ಲಿ ಪಳಸದೇವದ ಹಳೆಯ ದೇವಸ್ಥಾನ ನೀರಿನಿಂದ ಮೇಲೆ ಬರುತ್ತೆ, ಜನ ನೋಡೋಕೆ ಹೋಗ್ತಾರೆ.

ಈಗ ಹಕ್ಕಿಗೂ ಇದಕ್ಕೂ ಏನು ಸಂಬಂಧ? ರಾಜಹಂಸ ಬಾತುಕೋಳಿಯ ಹಾಗೆ ಈಜಿಕೊಂಡು ಮೇಯೋ ಹಕ್ಕಿ ಅಲ್ಲ. ಈಜೋಕೆ ಬರುತ್ತೆ, ಆದರೆ ಅದರ ಊಟ ಇರೋದು ಮೊಣಕಾಲುದ್ದದ ನೀರಿನ ತಳದ ಕೆಸರಿನಲ್ಲಿ. ಕಾಲಿನಿಂದ ಕೆಸರು ತುಳಿದು ಕದಡುತ್ತೆ, ಕತ್ತು ಬಗ್ಗಿಸಿ ಕೊಕ್ಕನ್ನು ತಲೆಕೆಳಗಾಗಿ ನೀರಿಗೆ ಇಡುತ್ತೆ, ನಾಲಿಗೆಯನ್ನು ಪಂಪ್ ಥರ ಆಡಿಸಿ ನೀರು ಒಳಗೆಳೆದು ಹೊರಗೆ ಬಿಡುತ್ತೆ. ಕೊಕ್ಕಿನ ಅಂಚಿನಲ್ಲಿ ಜರಡಿ ಇದೆ. ಹುಳು, ಮರಿಸಿಗಡಿ, ಬೀಜ, ಪಾಚಿ ಅಲ್ಲಿ ಸಿಕ್ಕಿಕೊಳ್ಳುತ್ತೆ. ಅದರ ಗುಲಾಬಿ ಬಣ್ಣ ಬರೋದೂ ಈ ಊಟದಲ್ಲಿರೋ ಬಣ್ಣದ ಅಂಶದಿಂದಲೇ, ಹಾಗಾಗಿ ಇನ್ನೂ ಸಾಕಷ್ಟು ತಿಂದಿರದ ಎಳೆಯ ಹಕ್ಕಿಗಳು ಬೂದು ಬಣ್ಣದಲ್ಲೇ ಇರ್ತಾವೆ.

ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಅಣೆಕಟ್ಟು ತುಂಬಿ ನಿಂತಾಗ ಇಡೀ ಅಂಚು ಆಳದ ನೀರು. ಆಗ ರಾಜಹಂಸಕ್ಕೆ ಅಲ್ಲಿ ಕಾಲಿಡೋಕೇ ಜಾಗ ಇಲ್ಲ. ರೈತರಿಗೆ, ಸೋಲಾಪುರ ನಗರಕ್ಕೆ ನೀರು ಬಿಡ್ತಾ ಬಿಡ್ತಾ ಮಟ್ಟ ಇಳಿದ ಹಾಗೆ ಭಿಗವಣ, ಕುಂಭಾರಗಾಂವ, ಡಿಕ್ಸಳ ಕಡೆಯ ಚಪ್ಪಟೆ ನೆಲ ತೆಳುವಾದ ನೀರಿನ ಕೆಸರು ಬಯಲಾಗುತ್ತೆ. ತಟ್ಟೆ ಹಾಕಿದ ಹಾಗೆ. ಮಳೆ ಚೆನ್ನಾಗಿ ಆದ ವರ್ಷ ಹಕ್ಕಿ ತಡ, ಮಳೆ ಕೈಕೊಟ್ಟ ವರ್ಷ ಬೇಗ. ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್ ಒಳ್ಳೆ ಕಾಲ. ಕ್ಯಾಲೆಂಡರ್ ನೋಡಿ ರೂಮ್ ಬುಕ್ ಮಾಡಿ ಹೋಗಿ "ಏನೂ ಇಲ್ಲ ಗುರು" ಅಂತ ವಾಪಸ್ ಬರೋರು ನೋಡಬೇಕಿದ್ದದ್ದು ನೀರಿನ ಮಟ್ಟವನ್ನು. ಆ ಅಂಕಿ ಮರಾಠಿ ಪೇಪರ್‌ಗಳಲ್ಲಿ ಬರ್ತಾನೇ ಇರುತ್ತೆ.

ರಾಜಹಂಸ ಇಲ್ಲದಿದ್ದರೂ ಕಣ್ಣಿಗೆ ಕೆಲಸ ಇದ್ದೇ ಇದೆ. ಕೊಕ್ಕರೆ ಬೆಳ್ಳೂರಿನಲ್ಲಿ ನೋಡಿರೋ ಅದೇ ಬಣ್ಣದ ಕೊಕ್ಕರೆ, ಬಾಯ್ಕಳಕ, ಮೆಟ್ಟುಗಾಲು ಹಕ್ಕಿ, ರೀವ, ಮೀನಿಗೆ ಎರಗೋ ಡೇಗೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತೆ, ಹಿಮಾಲಯದ ಆಚೆ ಟಿಬೆಟ್, ಮಂಗೋಲಿಯಾ ಕಡೆಯಿಂದ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರೋದೂ ಇದೇ ಜಾತಿ.

ಇನ್ನು ಅಲ್ಲಿನ ಜನ. ಉಜನಿ ಅಣೆಕಟ್ಟು ಮುಗಿದಿದ್ದು 1980ರಲ್ಲಿ. ಭೀಮಾ ದಂಡೆಯ ಹಳ್ಳಿಗಳು, ಹೊಲಗಳು ನೀರಿನಡಿ ಹೋದವು. ಹಿಂದೆ ಸರಿದು ಮತ್ತೆ ಊರು ಕಟ್ಟಿಕೊಂಡವರಲ್ಲಿ ಕೆಲವರು ಅದೇ ನೀರಿನಲ್ಲಿ ಬಲೆ ಹಾಕಿ ಬದುಕಿದರು. ಪುಣೆ-ಮುಂಬೈಯಿಂದ ದುರ್ಬೀನು ಹಿಡಿದವರು ಬರೋಕೆ ಶುರು ಮಾಡಿದಾಗ ಹೇಗೂ ಕೈಯಲ್ಲಿ ದೋಣಿ ಇತ್ತು, ಹಕ್ಕಿ ಎಲ್ಲಿ ಕೂರುತ್ತೆ ಅನ್ನೋದು ಗೊತ್ತಿತ್ತು. ಈಗ ಬೆಳಗ್ಗೆ ದೋಣಿ, ಮಧ್ಯಾಹ್ನ ಮನೆಯಲ್ಲಿ ಊಟ. ಜೋಳದ ಭಾಕರಿ, ಮೀನಿನ ಸಾರು, ಸಸ್ಯಾಹಾರಿಗಳಿಗೆ ಪಿಠಲ. ನಮ್ಮ ಉತ್ತರ ಕರ್ನಾಟಕದವರಿಗೆ ಇದು ಪ್ರವಾಸದ ಊಟ ಅಂತ ಅನಿಸೋದೇ ಇಲ್ಲ, ಅಜ್ಜಿ ಮನೆಗೆ ಹೋದ ಹಾಗೆ.

ಅವರಿಗೆ ಇದು ಬರೀ ದುಡ್ಡಿನ ವ್ಯವಹಾರ ಅಂತ ಅಂದುಕೊಂಡರೆ ತಪ್ಪು. ನಾನು ಹೋದ ದೋಣಿಯ ಹುಡುಗ ಇನ್ನೂ ಇಪ್ಪತ್ತೂ ದಾಟಿಲ್ಲ, 'ಬಾರ್ ಹೆಡೆಡ್ ಗೂಸ್', 'ಮಾರ್ಶ್ ಹ್ಯಾರಿಯರ್' ಅಂತ ಮರಾಠಿ ಧಾಟಿಯಲ್ಲಿ ಪಟಪಟ ಹೇಳ್ತಾನೆ. ಗಿರಾಕಿ ಇಲ್ಲದ ದಿನವೂ ಹೋಗಿ ನೋಡಿ ಬರ್ತೀನಿ, ಯಾವುದು ಹೊಸದಾಗಿ ಬಂದಿದೆ ಅಂತ ಮೊದಲು ನನಗೇ ಗೊತ್ತಾಗಬೇಕು ಅಂದ. ನಮ್ಮ ಆಫೀಸಿನಲ್ಲಿ ಪ್ರೊಡಕ್ಷನ್ ಲಾಗ್ ಅನ್ನು ಇಷ್ಟು ಪ್ರೀತಿಯಿಂದ ನೋಡೋ ಒಬ್ಬರನ್ನೂ ನಾನು ಕಂಡಿಲ್ಲ. ಮಹಾರಾಷ್ಟ್ರದಲ್ಲಿ ಈ ಆಸಕ್ತಿಗೆ ದೊಡ್ಡ ಹಿನ್ನೆಲೆಯೂ ಇದೆ. ಸೋಲಾಪುರದ ಮಾರುತಿ ಚಿತಮಪಲ್ಲಿ ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿದವರು, ಮರಾಠಿಯಲ್ಲಿ 'ಪಕ್ಷಿಕೋಶ' ಮಾಡಿದವರು. ಅವರ ಹುಟ್ಟುಹಬ್ಬ ನವೆಂಬರ್ 5, ಸಲೀಂ ಅಲಿಯವರದ್ದು ನವೆಂಬರ್ 12. ಆ ವಾರವನ್ನು ರಾಜ್ಯದಲ್ಲಿ ಪಕ್ಷಿ ಸಪ್ತಾಹ ಅಂತ ಆಚರಿಸ್ತಾರೆ. ನಮಗೆ ತೇಜಸ್ವಿ ಇದ್ದ ಹಾಗೆ ಅವರಿಗೆ ಚಿತಮಪಲ್ಲಿ ಅಂತ ಹೇಳಬಹುದೇನೋ, ಬರಹದ ಧಾಟಿ ಬೇರೆ ಇದ್ದರೂ.

ಈಗ ಕಷ್ಟದ ಭಾಗ. ಎರಡು ವಿಷಯ ಇದೆ.

ಒಂದು ರೀಲ್ಸ್. ನಿಂತ ಹಕ್ಕಿಗಿಂತ ಹಾರೋ ಹಕ್ಕಿ ಚೆನ್ನಾಗಿ ಕಾಣುತ್ತೆ, ಅದು ನಿಜ. ಅದಕ್ಕೇ ಜನ "ಸ್ವಲ್ಪ ಹತ್ತಿರ ತಗೊಂಡು ಹೋಗಿ, ಹಾರಿಸಿ" ಅಂತಾರೆ. ರಾಜಹಂಸ ಗುಬ್ಬಚ್ಚಿ ಥರ ಪುರ್ ಅಂತ ಹಾರಲ್ಲ. ನೀರಿನ ಮೇಲೆ ಓಡಿ, ವೇಗ ಪಡೆದು ಮೇಲೇಳಬೇಕು. ಅಷ್ಟು ಶಕ್ತಿ ಖರ್ಚು, ಮೇಯೋ ಹೊತ್ತು ನಷ್ಟ. ಬೆಳಗ್ಗೆಯಿಂದ ಹತ್ತು ದೋಣಿ ಹತ್ತು ಸಲ ಹಾರಿಸಿದರೆ ಆ ಗುಂಪು ಬೇರೆ ಜಾಗ ಹುಡುಕುತ್ತೆ. ದೋಣಿಯವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಆದರೆ ಹಕ್ಕಿ ಉಳಿದರೆ ಸಿಗೋ ಲಾಭ ಇಡೀ ಊರಿಗೆ, ಮುಂದಿನ ತಿಂಗಳಿಗೆ. ಹಾರಿಸಿದರೆ ಸಿಗೋ ಟಿಪ್ಸ್ ಇವತ್ತೇ, ತನ್ನ ಕೈಗೇ. ಅವರಲ್ಲಿ ಹಲವರು ಹಾರಿಸಲ್ಲ ಅಂತ ಗಟ್ಟಿಯಾಗಿ ಹೇಳ್ತಾರೆ. ಹಾಗೆ ಹೇಳಿದವನ ಮೇಲೆ ಗಿರಾಕಿ ಮುಖ ಊದಿಸಿಕೊಂಡು ಕೂತಿದ್ದನ್ನೂ ನೋಡಿದ್ದೀನಿ. ಅಲ್ಲಿ ಬದಲಾಗಬೇಕಾದ್ದು ದೋಣಿಯವನಲ್ಲ, ದುಡ್ಡು ಕೊಡೋರು. ಅಂದರೆ ನಾವೇ.

ಎರಡನೆಯದು ಇನ್ನೂ ಹತ್ತಿರದ್ದು. ಹಿಂಜವಡಿ, ವಾಕಡ್ ಪಕ್ಕದಲ್ಲಿ ಹರಿಯೋದು ಮುಳಾ ನದಿ. ಪಿಂಪ್ರಿ-ಚಿಂಚವಡದ ಪವನಾ ಅದಕ್ಕೆ ಸೇರುತ್ತೆ, ಊರೊಳಗೆ ಮುಠಾ ಸೇರುತ್ತೆ, ಮುಳಾ-ಮುಠಾ ಹೋಗಿ ಭೀಮಾ ಸೇರುತ್ತೆ, ಭೀಮಾ ಬಂದು ಉಜನಿಯಲ್ಲಿ ನಿಲ್ಲುತ್ತೆ. ನಮ್ಮ ಅಪಾರ್ಟ್‌ಮೆಂಟಿನ ಫ್ಲಶ್, ಬಟ್ಟೆ ತೊಳೆದ ಸಾಬೂನು ನೀರು, ಪೂರ್ತಿ ಶುದ್ಧ ಆಗದೇ ಹೋದದ್ದೆಲ್ಲ ಕೊನೆಗೆ ಬರೋದು ಈ ಹಿನ್ನೀರಿಗೇ. ಬೇಸಿಗೆಯಲ್ಲಿ ಕೆಲವು ಕಡೆ ನೀರು ಹಸಿರು ಬಣ್ಣಕ್ಕೆ ತಿರುಗಿ ವಾಸನೆ ಬರುತ್ತೆ. ಹಳೆ ಜಾತಿಯ ಮೀನು ಕಮ್ಮಿ ಆಗಿ ಬಲೆಗೆ ಬರೀ ಚಿಲಾಪಿ ಬೀಳುತ್ತೆ ಅಂತ ಮೀನುಗಾರರು ಬೇಜಾರು ಮಾಡ್ಕೊಳ್ತಾರೆ. ಚಿಲಾಪಿ ಅಂದರೆ ತಿಲಾಪಿಯಾ, ಹೊರಗಿನಿಂದ ಬಂದ ಮೀನು, ಎಂಥ ನೀರಿನಲ್ಲೂ ಬದುಕುತ್ತೆ.

ಇಲ್ಲಿ ಒಂದು ತಿರುವು ಇದೆ. ಕೊಳಚೆಯಲ್ಲಿರೋ ಸಾರಜನಕ, ರಂಜಕ ನೀರಿಗೆ ಗೊಬ್ಬರ. ಗೊಬ್ಬರದಿಂದ ಪಾಚಿ, ಪಾಚಿಯಿಂದ ಕೆಸರಿನ ಹುಳು, ಹುಳುವಿನಿಂದ ರಾಜಹಂಸದ ಊಟ. "ಇಷ್ಟೊಂದು ಹಕ್ಕಿ ಬಂದಿದೆ ಅಂದಮೇಲೆ ನೀರು ಚೆನ್ನಾಗೇ ಇರಬೇಕು" ಅನ್ನೋ ಮಾತು ಅದಕ್ಕೇ ನಿಲ್ಲಲ್ಲ. ಸ್ವಲ್ಪ ಹೊಲಸಾದ ನೀರಿನಲ್ಲಿ ಈ ಒಂದು ಜಾತಿ ಚೆನ್ನಾಗಿ ತಿನ್ನಬಹುದು. ಹೊಲಸು ಮಿತಿ ಮೀರಿ ಆಮ್ಲಜನಕ ಮುಗಿದರೆ ಮೀನು ಸಾಯುತ್ತೆ, ಮೀನು ನಂಬಿದ ರೀವ, ಡೇಗೆ, ಬಣ್ಣದ ಕೊಕ್ಕರೆಗೆ ಊಟ ಇಲ್ಲ, ಮೀನು ನಂಬಿದ ಮನೆಗಳಿಗೂ ಇಲ್ಲ. ಒಂದೇ ಅಂಕಿ ನೋಡಿ ಸಿಸ್ಟಮ್ ಆರೋಗ್ಯವಾಗಿದೆ ಅಂತ ಡ್ಯಾಶ್‌ಬೋರ್ಡ್ ಹಸಿರು ತೋರಿಸೋದು ನಮಗೆ ಗೊತ್ತಿರೋ ಕಥೆನೇ.

ಆ ನೀರು ಉಜನಿಯಲ್ಲಿ ಮುಗಿಯೋದೂ ಇಲ್ಲ. ಪಂಢರಪುರದಲ್ಲಿ ಚಂದ್ರಭಾಗಾ ಅಂತ ಕೈ ಮುಗಿಸಿಕೊಂಡು, ವಿಜಯಪುರ, ಕಲಬುರಗಿ ಜಿಲ್ಲೆಗಳ ಅಂಚು ಹಿಡಿದು, ಗಾಣಗಾಪುರದ ಸಂಗಮ ದಾಟಿ, ಮುಂದೆ ಕೃಷ್ಣೆ ಸೇರುತ್ತೆ. ಅಫಜಲಪುರ, ಇಂಡಿ ಕಡೆಯವರಿಗೆ ಉಜನಿ ಅಂದರೆ ಹಕ್ಕಿ ಅಲ್ಲ, ಪ್ರವಾಹದ ಸುದ್ದಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ಟಿವಿಯಲ್ಲಿ ಆ ಹೆಸರು ಕೇಳಿಸಿಕೊಂಡೇ ಇರ್ತೀರಿ. ಬೇಸಿಗೆಯಲ್ಲಿ ಅದೇ ಜನ ಉಜನಿಯಿಂದ ನೀರು ಬಿಡಿ ಅಂತ ಕೇಳ್ತಾರೆ. ಕಲಬುರಗಿಯಿಂದ ಪುಣೆಗೆ ಕೆಲಸಕ್ಕೆ ಬಂದ ಹುಡುಗ ವಾಕಡ್‌ನಲ್ಲಿ ಬಿಟ್ಟ ನೀರು ವಾಪಸ್ ಅವನ ಊರಿನ ಕಡೆಗೇ ಹೊರಟಿರುತ್ತೆ. ಸೊಸೈಟಿಯಲ್ಲಿ ಕೊಳಚೆ ಶುದ್ಧೀಕರಣ ಘಟಕ ಇದ್ದರೆ, ಅದು ನಿಜಕ್ಕೂ ಓಡ್ತಿದೆಯಾ ಅಂತ ಮುಂದಿನ ಮೀಟಿಂಗಿನಲ್ಲಿ ಕೇಳಿ. ಪಾರ್ಕಿಂಗ್ ಜಗಳ ಮುಗಿದ ಮೇಲೆ ಕೇಳಿದರೂ ಪರವಾಗಿಲ್ಲ.

ಹೋಗೋರಿಗೆ ಎರಡೇ ಮಾತು. ರಾತ್ರಿ ಅಲ್ಲೇ ಉಳಿದು ಸೂರ್ಯ ಹುಟ್ಟೋ ಹೊತ್ತಿಗೆ ದೋಣಿಯಲ್ಲಿರಿ; ಬೆಳಕೂ ಚೆನ್ನಾಗಿರುತ್ತೆ, ಗಾಳಿಯೂ ಇರಲ್ಲ. ಲೈಫ್ ಜಾಕೆಟ್ ಕೇಳಿ ಹಾಕ್ಕೊಳ್ಳಿ: 2024ರ ಮೇ ತಿಂಗಳಲ್ಲಿ ಇದೇ ಜಲಾಶಯದಲ್ಲಿ, ಸಂಜೆ ಬಿರುಗಾಳಿಗೆ ಪ್ರಯಾಣಿಕರ ದೋಣಿ ಮಗುಚಿ ಆರು ಜನ ತೀರಿಕೊಂಡರು. ಮರಾಠಿ ಬರದಿದ್ದರೆ ಒಂದು ವಾಕ್ಯ ಕಲಿತುಕೊಂಡು ಹೋಗಿ, ದೋಣಿ ಹತ್ತೋ ಮುಂಚೆಯೇ ಹೇಳಿಬಿಡಿ: "ಉಡವೂ ನಕಾ, ಲಾಂಬೂನಚ್ ಬಘೂಯಾ." ಹಾರಿಸಬೇಡಿ, ದೂರದಿಂದಲೇ ನೋಡೋಣ ಅಂತ. ನಾನು ಹೇಳಿದಾಗ ಆ ಹುಡುಗ ಹುಟ್ಟು ನಿಲ್ಲಿಸಿ ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಯಾರಿಗೂ ತೋರಿಸಲ್ಲ ಅಂತ ಹೇಳಿ, ದಂಡೆಯ ಜೊಂಡಿನ ಮರೆಯಲ್ಲಿದ್ದ ರೀವದ ದೊಡ್ಡ ಗುಂಪೊಂದರ ಕಡೆ ದೋಣಿ ತಿರುಗಿಸಿದ.