ಹಳೆಯ ಟಿವಿಗೆ ವಾರಸುದಾರರು ಯಾರು?

ನಮ್ಮ ಮನೆಯ ಅಟ್ಟದಲ್ಲಿ ಮರದ ಪೆಟ್ಟಿಗೆಯ ಸಾಲಿಡೇರ್ ಟಿವಿಯೊಂದಿದೆ. ಅಂಗಡಿಗಳಲ್ಲಿ ಆ ಹೆಸರು ಕಾಣಿಸದೆ ವರ್ಷಗಳೇ ಕಳೆದವು. ಮೊನ್ನೆ ಗುಜರಿಯವರನ್ನು ಕರೆದು ತೋರಿಸಿದೆ. 'ತಾಮ್ರ, ಬೋರ್ಡು ಬಿಚ್ಕೊಂಡು ಹೋಗ್ತೀನಿ ಸಾರ್. ಪಿಕ್ಚರ್ ಟ್ಯೂಬು ನೀವೇ ಇಟ್ಕೊಳ್ಳಿ' ಎಂದರು. ಬೇಡವೆಂದು ಕಳಿಸಿಬಿಟ್ಟೆ. ಕಷ್ಟವೆಲ್ಲ ಇರುವುದೇ ಆ ಟ್ಯೂಬಿನಲ್ಲಿ.

ಡಬ್ಬಾ ಟಿವಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಜು. ಒಳಗೆ ಹುಟ್ಟುವ ಎಕ್ಸ್-ಕಿರಣ ನೋಡುವವರ ಮೈಗೆ ತಾಕದಿರಲೆಂದು ಗಾಜಿಗೆ ಸೀಸ ಬೆರೆಸುತ್ತಿದ್ದರು. ಕಲರ್ ಟಿವಿಯ ಟ್ಯೂಬಿನಲ್ಲಂತೂ ಹಿಂಬದಿಯ ಆಲಿಕೆಯಾಕಾರದ ಗಾಜಿನ ಸುಮಾರು ಐದನೇ ಒಂದು ಪಾಲು ಸೀಸದ ಆಕ್ಸೈಡೇ. ಮೊದಲೆಲ್ಲ ಹಳೆಯ ಗಾಜು ಕರಗಿ ಹೊಸ ಟ್ಯೂಬಾಗುತ್ತಿತ್ತು. ಚಪ್ಪಟೆ ಟಿವಿ ಬಂದ ಮೇಲೆ ಅದನ್ನು ಕೊಳ್ಳುವವರೇ ಇಲ್ಲವಾದರು.

ಇಂಥ ವಸ್ತುವನ್ನು ಕೊನೆಗೆ ಯಾರು ಹೊರಬೇಕು? ಬಹುಕಾಲ ಆ ಹೊರೆ ಊರಿನ ನಗರಸಭೆಯದಾಗಿತ್ತು. 1990ರಲ್ಲಿ ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ ತಮ್ಮ ದೇಶದ ಪರಿಸರ ಸಚಿವಾಲಯಕ್ಕೆ ಕೊಟ್ಟ ವರದಿಯಲ್ಲಿ ಅದನ್ನು ತಯಾರಕರ ಹೆಗಲಿಗೆ ದಾಟಿಸಿದರು. ವಿಲೇವಾರಿಯ ಖರ್ಚು ತನ್ನದೇ ಎಂದು ಗೊತ್ತಿದ್ದರೆ, ಕಂಪನಿ ನಕ್ಷೆ ಬರೆಯುವಾಗಲೇ ಬಿಚ್ಚುವ ಬಗೆಯನ್ನೂ ಯೋಚಿಸುತ್ತದೆ ಎಂಬುದು ಅವರ ತರ್ಕ. ನನಗೆ ಇಂದಿಗೂ ಇದಕ್ಕಿಂತ ನ್ಯಾಯವಾದ ಮಾತು ಕಂಡಿಲ್ಲ.

ಆದರೆ ದುಡ್ಡು ಯಾವಾಗ, ಯಾರ ಜೇಬಿನಿಂದ ಎಂಬಲ್ಲಿ ದಾರಿಗಳು ಕವಲೊಡೆದವು. ಜಪಾನಿನಲ್ಲಿ 2001ರ ಏಪ್ರಿಲ್‌ನಿಂದ ಕಂಪನಿಗಳು ಮರುಬಳಕೆ ಮಾಡಲೇಬೇಕಾಯಿತು. ಟಿವಿಯೊಂದಕ್ಕೆ 2,700 ಯೆನ್ ಶುಲ್ಕ ಕೊಡಬೇಕಾದವರು ಮಾತ್ರ ಎಸೆಯುವ ಮನೆಯವರು. ಕೊಡಲೊಲ್ಲದ ಕೆಲವರು ಕದ್ದು ಕಾಡುದಾರಿಯಲ್ಲಿ ಸುರಿದರು. ಕ್ಯಾಲಿಫೋರ್ನಿಯಾ 2005ರಿಂದ ಹೊಸ ಟಿವಿ ಕೊಳ್ಳುವಾಗಲೇ 6ರಿಂದ 10 ಡಾಲರ್ ವಸೂಲಿ ಮಾಡಿತು.

ಅಮೆರಿಕದಲ್ಲಿ ತಯಾರಕರಿಗೇ ಬಿಲ್ ಕಳಿಸಿದ ಮೊದಲ ರಾಜ್ಯ ಮೇನ್. ಜನಸಂಖ್ಯೆ ಹದಿಮೂರು ಲಕ್ಷದ ಆಸುಪಾಸು. 2004ರಲ್ಲಿ ಕಾನೂನು ಮಾಡಿ 2006ರಲ್ಲಿ ಜಾರಿಗೆ ತಂದರು. ಊರುಗಳು ಟಿವಿ ಕೂಡಿಸಬೇಕು. ಗೋದಾಮಿನಲ್ಲಿ ಒಂದೊಂದರ ಬ್ರ್ಯಾಂಡ್ ಬರೆದುಕೊಂಡು, ಆಯಾ ಕಂಪನಿಗೆ ಖರ್ಚು ಹಚ್ಚಬೇಕು. ಬರೆಯುತ್ತ ಹೋದಂತೆ ಮುಚ್ಚಿಹೋದ ಕಂಪನಿಗಳ ಹೆಸರೂ ಸಿಕ್ಕವು. ಆ ಅನಾಥ ಟಿವಿಗಳ ಖರ್ಚನ್ನು ಉಳಿದವರು ಹಂಚಿಕೊಳ್ಳಬೇಕಾಯಿತು. ಚಪ್ಪಟೆ ಟಿವಿಯ ಕಾಲದಲ್ಲಿ ಹುಟ್ಟಿದ ಕಂಪನಿಗಳಿಗೋ ಹಿಂತಿರುಗಿ ಬರುವ ಹಳೆಯ ಮಾಲೇ ಇರಲಿಲ್ಲ. ಮುಂದೆ ಟಿವಿಯ ಮಟ್ಟಿಗೆ ಲೆಕ್ಕ ಬದಲಾಗಿ, ಇಂದು ಎಷ್ಟು ಮಾರುತ್ತೀರೋ ಅಷ್ಟು ಪಾಲು ಎಂದಾಯಿತು. ಅನಾಥ ಟಿವಿಗೆ ಪೋಷಕರು ಸಿಕ್ಕರು, ನಿಜ. ಆದರೆ ಸುಲಭವಾಗಿ ಬಿಚ್ಚಬಲ್ಲ ಟಿವಿ ಮಾಡಿದವನಿಗೂ ಮಾಡದವನಿಗೂ ಒಂದೇ ದರ ಎಂದಾಗ ಲಿಂಡ್‌ಕ್ವಿಸ್ಟರ ಮೂಲ ಆಸೆಗೆ ಪೆಟ್ಟು ಬಿತ್ತು.

ನಮ್ಮಲ್ಲಿ ಕೆಲಸ ಕಾನೂನಿಗಿಂತ ಮೊದಲೇ ಶುರುವಾಗಿತ್ತು. ಪಿ. ಪಾರ್ಥಸಾರಥಿಯವರ ಇ-ಪರಿಸರ ಘಟಕ 2005ರ ಹೊತ್ತಿಗೇ ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯಲ್ಲಿ ಇ-ತ್ಯಾಜ್ಯ ಬಿಚ್ಚತೊಡಗಿತ್ತು. ತಯಾರಕರನ್ನು ಹೊಣೆ ಮಾಡಿದ 2011ರ ನಿಯಮ ಜಾರಿಯಾದದ್ದು 2012ರ ಮೇ 1ರಂದು. ಅದರಲ್ಲಿ ಇಷ್ಟೇ ಸಂಗ್ರಹಿಸಬೇಕೆಂಬ ಗುರಿ ಇರಲಿಲ್ಲ. 2016ರ ನಿಯಮ ಗುರಿ ಕೊಟ್ಟಿತು, ಕಂಪನಿ ಮುಚ್ಚಿದ ಅನಾಥ ವಸ್ತುಗಳನ್ನೂ ಹೆಸರಿಸಿತು. 2023ರ ಏಪ್ರಿಲ್‌ನಿಂದ ಸರ್ಟಿಫಿಕೇಟಿನ ಪದ್ಧತಿ ಬಂದಿದೆ. ನೋಂದಾಯಿತ ಮರುಬಳಕೆ ಘಟಕ ಲೋಹ ತೆಗೆದು ಸರ್ಟಿಫಿಕೇಟು ಪಡೆಯುತ್ತದೆ, ಕಂಪನಿ ಅದನ್ನು ಕೊಂಡು ತನ್ನ ಗುರಿ ತೋರಿಸುತ್ತದೆ. ಕಿಲೋಗೆ ಕನಿಷ್ಠ 22 ರೂಪಾಯಿ ಕೊಡಬೇಕೆಂಬ ದರದ ವಿರುದ್ಧ 2025ರಲ್ಲಿ ಎಲ್‌ಜಿ, ಸ್ಯಾಮ್‌ಸಂಗ್ ಮುಂತಾದ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು.

ದರದ ಜಗಳಕ್ಕಿಂತ ನನ್ನನ್ನು ಕಾಡುವುದು ಸರ್ಟಿಫಿಕೇಟಿಗೆ ಲೆಕ್ಕವಾದ ಲೋಹಗಳ ಪಟ್ಟಿ: ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ. ಗುಜರಿಯವರು ಬಿಚ್ಚಿಕೊಂಡು ಹೋಗುತ್ತೇನೆಂದದ್ದೂ ಹೆಚ್ಚುಕಡಿಮೆ ಇದನ್ನೇ. ಟ್ಯೂಬನ್ನು ಬಿಸಿ ತಂತಿಯಿಂದ ಸೀಳಿ, ಮುಂದಿನ ಗಾಜಿನ ಒಳಮೈಯ ಫಾಸ್ಫರ್ ಪುಡಿಯನ್ನು ಹೀರಿ ತೆಗೆದು, ಸೀಸದ ಗಾಜನ್ನು ಬೇರೆಯಾಗಿ ಇಡುವವರಿಗೆ ಈ ಪಟ್ಟಿಯಿಂದ ದಕ್ಕುವುದೇನೂ ಇಲ್ಲ. ಮುಂದಿನ ತಿದ್ದುಪಡಿಯಲ್ಲಿ ಆ ಗಾಜಿಗೂ ಒಂದು ಸರ್ಟಿಫಿಕೇಟು ಸಿಗಲಿ, ಅದರ ಹಣವನ್ನು ಇಂದು ಟಿವಿ ಮಾರುವವರೇ ಕೊಡಲಿ. ಅಲ್ಲಿಯವರೆಗೆ ಸಾಲಿಡೇರ್ ಟ್ಯೂಬು ಒಡೆಯದಂತೆ ಹಳೆಯ ಕಂಬಳಿ ಸುತ್ತಿಟ್ಟಿದ್ದೇನೆ.