ಸಣ್ಣ ವಿಮಾನದ ಎಂಜಿನಿನಲ್ಲಿ ಮಂಜುಗಡ್ಡೆ

ಬೇಸಗೆಯ ನಡುಹಗಲಿನಲ್ಲಿ ಮದ್ದೂರು ಸೀಮೆಯ ಆತಗೂರಿನಂಥ ಗ್ರಾಮದಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಹೂಜಿಯ ಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಹೀರಿಕೊಳ್ಳುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ಇದೇ ನಿಯಮವು ಸಣ್ಣ ವಿಮಾನದ ಎಂಜಿನಿನೊಳಗೆ ನಡೆದಾಗ ಉಪಕಾರಕ್ಕೆ ಬದಲಾಗಿ ಪ್ರಾಣಾಪಾಯವನ್ನು ತಂದೊಡ್ಡುವುದುಂಟು.

ಇಂಥ ಅನೇಕ ಎಂಜಿನುಗಳಲ್ಲಿ ಗಾಳಿಯನ್ನೂ ಪೆಟ್ರೋಲನ್ನೂ ಬೆರಸುವ ಉಪಕರಣಕ್ಕೆ ಕಾರ್ಬ್ಯುರೇಟರ್ ಎಂದು ಹೆಸರು. ಅದರ ಕಿರಿದಾದ ಕಂಠದಲ್ಲಿ ಗಾಳಿಯು ರಭಸದಿಂದ ನುಗ್ಗುವಾಗ ಒತ್ತಡವೂ ಉಷ್ಣವೂ ಇಳಿಯುತ್ತವೆ. ಅಲ್ಲಿಯೇ ಪೆಟ್ರೋಲು ಆವಿಯಾಗಿ ಮತ್ತಷ್ಟು ಶಾಖವನ್ನು ಸೆಳೆಯುತ್ತದೆ. ಹೀಗೆ ಉಷ್ಣವು 30 ಡಿಗ್ರಿ ಸೆಂಟಿಗ್ರೇಡಿಗಿಂತಲೂ ಹೆಚ್ಚಾಗಿ ಕುಸಿಯಬಹುದು. ಆಗ ಗಾಳಿಯಲ್ಲಿರುವ ತೇವವು ಮಂಜುಗಡ್ಡೆಯಾಗಿ ಕಂಠದ ಗೋಡೆಗೂ ಥ್ರಾಟಲ್ ಕವಾಟಕ್ಕೂ ಅಂಟಿಕೊಂಡು ದಾರಿಯನ್ನು ಮುಚ್ಚತೊಡಗುತ್ತದೆ.

ಆದುದರಿಂದ ಈ ಭಯವು ಹಿಮದ ನಾಡಿನವರಿಗೆ ಮಾತ್ರವೆಂದು ತಿಳಿಯಲಾಗದು. 21 ಡಿಗ್ರಿಗಿಂತ ತಂಪಾಗಿ ತೇವ ತುಂಬಿದ ಹವೆಯಲ್ಲಿ ಅಪಾಯವು ಹೆಚ್ಚು. ಮಳೆಗಾಲದ ಬೆಂಗಳೂರಿನ ಮುಂಜಾವವು ಬಹುಮಟ್ಟಿಗೆ ಇಂಥದೇ. ತೇವವು ಸಾಕಷ್ಟಿದ್ದರೆ 38 ಡಿಗ್ರಿಯ ಸೆಕೆಯಲ್ಲಿಯೂ ಮಂಜುಗಡ್ಡೆ ಕಟ್ಟಬಲ್ಲದು. 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ನಿರ್ಮಿಸಿ, 1958ರಲ್ಲಿ ಮೊದಲು ಹಾರಿದ ‘ಪುಷ್ಪಕ್’ ಎಂಬ ಇಬ್ಬರ ವಿಮಾನದಲ್ಲಿ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನಿತ್ತು. ನಮ್ಮ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಅನೇಕರು ಹಾರಲು ಕಲಿತುದು ಇದರಲ್ಲಿಯೇ. ಇಂಥ ಕಾರ್ಬ್ಯುರೇಟರ್ ಎಂಜಿನನ್ನು ನಡೆಸುವವನು ಮಂಜುಗಡ್ಡೆಯ ಲಕ್ಷಣಗಳನ್ನು ಅರಿತಿರಲೇಬೇಕು.

ಥ್ರಾಟಲನ್ನು ಮುಟ್ಟದಿದ್ದರೂ ಪಂಖದ ಸುತ್ತುಗಳು ಮೆಲ್ಲಗೆ ಕಡಮೆಯಾಗುವುದು ಮೊದಲನೆಯ ಸೂಚನೆ. ಅನಂತರ ಎಂಜಿನು ನಡುಗುತ್ತದೆ. ಥ್ರಾಟಲನ್ನು ಮುಂದೆ ತಳ್ಳಿ ಸುತ್ತುಗಳನ್ನು ಸರಿಪಡಿಸಹೊರಟರೆ ರೋಗವು ಮರೆಯಲ್ಲಿ ಬೆಳೆಯುತ್ತದೆ. ಇದಕ್ಕೆ ಮದ್ದು, ಹೊಗೆಕೊಳವೆಯ ಸುತ್ತ ಕಾದ ಗಾಳಿಯನ್ನು ಕಾರ್ಬ್ಯುರೇಟರಿಗೆ ಹಾಯಿಸುವ ಸನ್ನೆ. ಅದನ್ನು ಪೂರ್ತಿಯಾಗಿ ಎಳೆಯಬೇಕು. ಬಿಸಿಗಾಳಿಯು ತೆಳುವಾದುದರಿಂದ ಸುತ್ತುಗಳು ಮತ್ತಷ್ಟು ಇಳಿಯುತ್ತವೆ. ಕರಗಿದ ನೀರು ಒಳಹೊಕ್ಕು ಎಂಜಿನು ಇನ್ನೂ ಒರಟಾಗಿ ಓಡುತ್ತದೆ. ಹೊಸಬನು ಹೆದರಿ ಸನ್ನೆಯನ್ನು ಹಿಂದಕ್ಕೆ ತಳ್ಳುವುದು ಈ ಗಳಿಗೆಯಲ್ಲಿಯೇ. ಹಾಗೆ ಮಾಡದೆ ಸೈರಿಸಿದರೆ ಮಂಜುಗಡ್ಡೆ ಕರಗಿ ಬಲವು ಮರಳುತ್ತದೆ.

ರೋಗಕ್ಕಿಂತ ಮುನ್ನೆಚ್ಚರಿಕೆಯೇ ಲೇಸು. ಇಳಿಯುವುದಕ್ಕಾಗಿ ಥ್ರಾಟಲನ್ನು ಕಿರಿದುಮಾಡುವ ಮೊದಲೇ, ಆಯಾ ವಿಮಾನದ ಕೈಪಿಡಿಯು ಹೇಳುವಂತೆ, ಬಿಸಿಗಾಳಿಯನ್ನು ಹಾಯಿಸಬೇಕು. ಏಕೆಂದರೆ ಅರೆಮುಚ್ಚಿದ ಕವಾಟಕ್ಕೆ ಸ್ವಲ್ಪ ಮಂಜುಗಡ್ಡೆಯೇ ಸಾಕು. ಮೇಲೇರುವಾಗ ಪೂರ್ಣ ಬಲವು ಬೇಕಾದುದರಿಂದ ಅದನ್ನು ಮುಚ್ಚಿರಬೇಕು. ಬಹುಪಾಲು ವಿಮಾನಗಳಲ್ಲಿ ಈ ಗಾಳಿಯು ಶೋಧಕವನ್ನು ಹಾಯದೆ ಬರುವುದರಿಂದ ಧೂಳಿನ ನೆಲದ ಮೇಲೆ ಅದನ್ನು ಬಹಳ ಹೊತ್ತು ತೆರೆದಿಡಬಾರದು.

ಎಂಜಿನು ನಿಂತು ವಿಮಾನವು ನೆಲಕ್ಕಿಳಿದ ಮೇಲೆ ಈ ಮಂಜುಗಡ್ಡೆಯು ಕರಗಿಹೋಗುತ್ತದೆ. ಪರೀಕ್ಷಿಸಬಂದವರಿಗೆ ಏನೂ ಸಿಕ್ಕದಿರಬಹುದು. ಸಾಕ್ಷ್ಯವನ್ನುಳಿಸದ ಈ ಶತ್ರುವನ್ನು ಆಕಾಶದಲ್ಲಿರುವಾಗಲೇ ಗುರುತಿಸಬೇಕು.